ಗಾಡಿಯ ಇಸವಿಯೂ ಗಾಡಿಯ ಆಯುಷ್ಯವೂ

ಸಕಲೇಶಪುರದ ಪೇಟೆಯಲ್ಲಾಗಲಿ ಆಲೂರಿನ ಗ್ಯಾರೇಜುಗಳ ಮುಂದಾಗಲಿ ಒಬ್ಬನು ತಾನೊಂದು ಹಳೆಯ ಮಾರುತಿ ಜಿಪ್ಸಿಯನ್ನು ಕೊಳ್ಳಬೇಕೆಂದಿರುವುದಾಗಿ ಬಾಯಿಬಿಟ್ಟರೆ, ಸುತ್ತ ನಿಂತವರು ಆ ಗಾಡಿ ಎಲ್ಲಿಯದು, ಯಾರ ಕೈಯಲ್ಲಿ ಬಾಳಿತು, ಎಂಥ ದಾರಿಯಲ್ಲಿ ಓಡಿತು ಎಂಬುದೊಂದನ್ನೂ ವಿಚಾರಿಸದೆ, ಮೊಟ್ಟಮೊದಲು ಹಾಕುವ ಪ್ರಶ್ನೆ "ಯಾವ ಮಾಡೆಲ್?" ಎಂಬುದೇ, ಅದಕ್ಕೆ ಅವರು ಬಯಸುವ ಉತ್ತರ ನಾಲ್ಕು ಅಂಕಿಗಳ ಒಂದು ಇಸವಿ. 2016 ಎಂದರೆ ಎಲ್ಲರಿಗೂ ಸಮಾಧಾನ. 2003 ಎಂದರೆ, "ಅಯ್ಯೋ, ಅದು ಬೇಡ ಬಿಡಿ, ಇನ್ನಷ್ಟು ದುಡ್ಡು ಹಾಕಿ ಈಚಿನದ್ದೇ ತಗೊಳ್ಳಿ" ಎಂಬ ಹಿತವಚನ. ಎರಡು ಗಾಡಿಗಳಲ್ಲಿ ಇಸವಿ ಈಚಿನದಾಗಿರುವುದೇ ಉತ್ತಮವಾದದ್ದು, ಕೈಯಲ್ಲಿರುವ ಹಣಕ್ಕೆ ಎಷ್ಟು ಈಚಿನ ಇಸವಿ ದೊರೆತೀತೋ ಅಷ್ಟಕ್ಕೆ ಹೋಗತಕ್ಕದ್ದು ಎಂಬ ಈ ಅಭಿಪ್ರಾಯವು ನಮ್ಮ ಸೀಮೆಯಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ಅದನ್ನು ಯಾರೂ ಅಭಿಪ್ರಾಯವೆಂದೇ ತಿಳಿಯುವುದಿಲ್ಲ. ಸ್ವತಸ್ಸಿದ್ಧವಾದ ಸತ್ಯವೆಂದು ಭಾವಿಸುತ್ತಾರೆ. ಅದು ಸತ್ಯವಲ್ಲವೆಂದೂ, ಈ ಬೆಟ್ಟಗಳಲ್ಲಿ ಗಾಡಿ ಕೊಳ್ಳುವವನಿಗೆ ಅದರಷ್ಟು ಹಾನಿಕರವಾದ ಮಾರ್ಗದರ್ಶನ ಮತ್ತೊಂದಿಲ್ಲವೆಂದೂ ನಾನು ದೃಢವಾಗಿ ನಂಬಿದ್ದೇನೆ.

ಜಿಪ್ಸಿಯನ್ನೇ ಉದಾಹರಣೆಗೆ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ನೆಲಕ್ಕೆ ಹೊಟ್ಟೆಯಾನಿಸಿಕೊಂಡು ನುಣುಪಾದ ರಸ್ತೆಯಲ್ಲಿ ಹಾರುವ ವಿಲಾಸದ ಕಾರು ಹೆತ್ತೂರಿನ ಕಡೆಗಾಗಲಿ ಹಾನುಬಾಳಿನ ಕಡೆಗಾಗಲಿ ತೋಟದ ಗೇಟನ್ನು ದಾಟಿ ನೂರು ಗಜ ಹೋಗಲಾರದು. ಓಡಿಸುವ ಸಂತೋಷಕ್ಕಾಗಿಯೇ ಓಡಿಸತಕ್ಕ ವಾಹನವೆಂದು ನಮ್ಮ ಯುವಕರು ಮನಸ್ಸಿನಲ್ಲಿಟ್ಟುಕೊಂಡಿರುವುದು ಈ ಸಣ್ಣ, ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿಯನ್ನು ಹಂಚಬಲ್ಲ ಗಾಡಿಯನ್ನೇ. ಕರ್ನಾಟಕದ ಕೆ-1000 ಮೊದಲಾದ ರ‍್ಯಾಲಿಗಳ ಧೂಳಿನಲ್ಲಿ ಓಡಿದ್ದೂ ಅದೇ, ಸೈನ್ಯವು ಹಿಮಾಲಯದ ದಾರಿಗಳಲ್ಲಿ ನೆಚ್ಚಿಕೊಂಡಿದ್ದೂ ಅದೇ, ಆಷಾಢದ ಮಳೆಯಲ್ಲಿ ಬಿಸಿಲೆಯ ಕಡೆಯ ತೋಟದಿಂದ ಜ್ವರ ಬಂದ ಕೂಲಿಯಾಳನ್ನು ಆಸ್ಪತ್ರೆಗೆ ತಂದದ್ದೂ ಅದೇ. ಹೊಸತು ಈಗ ದೊರೆಯುವುದಿಲ್ಲವಾದುದರಿಂದ ಬೇಕೆಂದವನು ಹಳೆಯದನ್ನೇ ಹುಡುಕಬೇಕು. ಹುಡುಕುವವರು ಹೆಚ್ಚಿದಂತೆ ಬೆಲೆಯೂ ಏರಿದೆ. ಬೆಲೆ ಏರಿದಂತೆ ಇಸವಿಯ ಮೋಹವೂ ಏರಿದೆ.

ಇಸವಿಗೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅರ್ಥವಿರುವ ಇಸವಿಗಳು ಯಾವುವೆಂಬುದನ್ನು ಗಾಡಿಯ ಚರಿತ್ರೆಯಿಂದಲೇ ತಿಳಿಯಬೇಕು. ಮಾರುತಿ ಸಂಸ್ಥೆಯು ಜಿಪ್ಸಿಯನ್ನು ಹೊರತಂದದ್ದು 1985ರ ಕೊನೆಯಲ್ಲಿ. ಆಗ ಅದರ ಎಂಜಿನ್ನು 970 ಸಿಸಿಯದು, ಗೇರುಗಳು ನಾಲ್ಕು, ಚಕ್ರಗಳ ನಡುವಣ ಅಗಲ ಕಿರಿದು. 1993ರಲ್ಲಿ ಆ ಅಗಲವನ್ನು ಕೆಲವು ಅಂಗುಲ ಹೆಚ್ಚಿಸಿದರು. ಓರೆ ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವಾಗ ಮಗ್ಗುಲಿಗೆ ವಾಲುವ ಭಯ ಅದರಿಂದ ಎಷ್ಟೋ ಕಡಮೆಯಾಯಿತು. 1996ರಲ್ಲಿ ಜಿಪ್ಸಿ ಕಿಂಗ್ ಎಂಬ ಹೆಸರಿನಿಂದ 1298 ಸಿಸಿ ಎಂಜಿನ್ನೂ ಐದು ಗೇರುಗಳೂ ಬಂದವು. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ, ಹದಿನಾರು ವಾಲ್ವುಗಳ ಎಂಪಿಎಫ್‌ಐ ಎಂಜಿನ್ನು ಬಂದು, ಸುಮಾರು 60 ಅಶ್ವಶಕ್ತಿಯಿದ್ದದ್ದು 80 ಆಯಿತು.

ಈ ಕಡೆಯ ಬದಲಾವಣೆಯ ಮೇಲೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ನೆಲಕ್ಕೆ ಅದು ಬಹಳ ದೊಡ್ಡದು. ಕಾರ್ಬ್ಯುರೇಟರಿನೊಳಗೆ ಪೆಟ್ರೋಲು ಒಂದು ಪುಟ್ಟ ಬಟ್ಟಲಿನಲ್ಲಿ ನಿಂತಿರುತ್ತದೆ. ಅದರ ಮಟ್ಟವನ್ನು ಕಾಯುವುದು ಒಂದು ತೇಲುಗುಂಡು. ಗಾಡಿ ಕಡಿದಾದ ಏರನ್ನು ಹತ್ತುವಾಗ ಬಟ್ಟಲಿನ ಪೆಟ್ರೋಲು ಒಂದು ಕಡೆಗೆ ಓರೆಯಾಗಿ, ಎಂಜಿನ್ನಿಗೆ ಕೆಲವೊಮ್ಮೆ ಅತಿಯಾಗಿ ಸುರಿದು, ಕೆಲವೊಮ್ಮೆ ಏನೂ ಬಾರದೆ, ಏರಿನ ನಟ್ಟನಡುವೆ ಎಂಜಿನ್ನು ಸದ್ದಡಗಿ ನಿಂತುಬಿಡುತ್ತದೆ. ಹಿಂದೆ ಕಾಫಿ ಮೂಟೆಗಳನ್ನೋ ಆಳುಗಳನ್ನೋ ಹೊತ್ತು, ಒಂದು ಕಡೆ ಧರೆ ಮತ್ತೊಂದು ಕಡೆ ಹಳ್ಳವಿರುವ ಕೆಸರಿನ ದಾರಿಯಲ್ಲಿ ಹೀಗೆ ನಿಂತ ಗಾಡಿಯನ್ನು ಬ್ರೇಕಿನ ಮೇಲೆ ಹಿಡಿದು ಮತ್ತೆ ಎಬ್ಬಿಸುವುದೆಂದರೇನೆಂಬುದು ಓಡಿಸಿದವರಿಗೆ ಗೊತ್ತು. ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಎಂಪಿಎಫ್‌ಐ ಪದ್ಧತಿಯಲ್ಲಿ ಈ ಕಷ್ಟವಿಲ್ಲ. ಆದ್ದರಿಂದ 1999ರ ಗಾಡಿಗೂ 2001ರ ಗಾಡಿಗೂ ನಡುವೆ ಇರುವ ಅಂತರ ನಿಜವಾದದ್ದು. ಅದಕ್ಕಾಗಿ ಹೆಚ್ಚು ಹಣ ಕೊಡುವುದು ನ್ಯಾಯವಾದದ್ದು.

ಆದರೆ ಅಲ್ಲಿಂದ ಮುಂದೆ? 2019ರ ಸುಮಾರಿಗೆ ಸಾರ್ವಜನಿಕರಿಗೆ ಮಾರುವುದನ್ನು ನಿಲ್ಲಿಸುವವರೆಗೂ, ಹೆಚ್ಚುಕಡಮೆ ಎರಡು ದಶಕಗಳ ಕಾಲ, ಅದೇ 1298 ಸಿಸಿಯ ಎಂಜಿನ್ನು, ಅದೇ ಐದು ಗೇರು, ಮುಂದೆಯೂ ಹಿಂದೆಯೂ ಅದೇ ಲೀಫ್ ಸ್ಪ್ರಿಂಗು, ಅದೇ ಏಣಿಯಾಕಾರದ ಚಾಸಿ, ಹೊರಗೆ ಅದೇ ಚೌಕ ಮುಖ. ಹೊಗೆಯ ನಿಯಮಗಳು ಬಿಗಿಯಾದಂತೆ ಎಂಜಿನ್ನಿನ ನಿಯಂತ್ರಣದಲ್ಲಿ ಕೆಲವು ತಿದ್ದುಪಡಿಗಳಾದವು. ಏರನ್ನು ಹತ್ತುವ ಸಾಮರ್ಥ್ಯಕ್ಕಾಗಲಿ ಕೆಸರನ್ನು ದಾಟುವ ಶಕ್ತಿಗಾಗಲಿ ಅವುಗಳಿಂದ ಒದಗಿದ್ದು ಏನೂ ಇಲ್ಲ. ಹೀಗಿರುವಲ್ಲಿ 2002ಕ್ಕೂ 2017ಕ್ಕೂ ಬೆಲೆಯಲ್ಲಿ ಅಜಗಜಾಂತರವೇಕೆ? ಕೊಳ್ಳುವವನು ಆ ಹೆಚ್ಚಿನ ಹಣದಿಂದ ಪಡೆಯುವುದು ಯಂತ್ರದಲ್ಲಿ ಯಾವ ಉತ್ಕರ್ಷವನ್ನೂ ಅಲ್ಲ, ಆರ್‌ಸಿಯ ಮೇಲೆ ಅಚ್ಚಾದ ಒಂದು ಅಂಕಿಯನ್ನು. ಆ ಅಂಕಿಗೂ ಗಾಡಿಯ ದೇಹಸ್ಥಿತಿಗೂ ಇರುವ ಸಂಬಂಧ ಎಷ್ಟು ಸಡಿಲವಾದದ್ದೆಂಬುದನ್ನು ಅವನಿಗೆ ಯಾರೂ ಹೇಳುವುದಿಲ್ಲ, ದಲ್ಲಾಳಿಯಂತೂ ಹೇಳನು.

ದೇಹಸ್ಥಿತಿಯ ಮಾತು ಬಂದುದರಿಂದ ನಮ್ಮ ಮಳೆಯ ವಿಚಾರವನ್ನು ಬಿಡಿಸಿ ಹೇಳಬೇಕು. ಜಿಪ್ಸಿಯ ಚಾಸಿಯ ಎರಡು ಉದ್ದನೆಯ ತೊಲೆಗಳು ಒಳಗೆ ಪೊಳ್ಳಾದ ಪೆಟ್ಟಿಗೆಯಂಥವು; ನೀರು ಹರಿದುಹೋಗಲೆಂದು ಅವುಗಳಲ್ಲಿ ಅಲ್ಲಲ್ಲಿ ತೂತುಗಳುಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕೆಂಪು ಕೆಸರು ಆ ತೂತುಗಳಿಂದಲೇ ಒಳಹೊಕ್ಕು, ಅವನ್ನೇ ಮುಚ್ಚಿ, ಒಳಗೆ ತೇವವನ್ನು ಹಿಡಿದುಕೊಂಡು ಕೂಡುತ್ತದೆ. ಹೊರಗೆ ಬಣ್ಣ ಮಿನುಗುತ್ತಿರುವಾಗಲೇ ಒಳಗಿನಿಂದ ತುಕ್ಕು ತಗಡನ್ನು ತಿನ್ನುತ್ತಿರುತ್ತದೆ. ಇದಕ್ಕೆ ತೋಟದ ಕೆಲಸವೂ ಸೇರುತ್ತದೆ. ಪೊಟ್ಯಾಷ್ ಗೊಬ್ಬರವೆಂಬುದು ಸ್ವಭಾವತಃ ಒಂದು ಉಪ್ಪು. ಮೂಟೆ ಹರಿದು ಗಾಡಿಯ ನೆಲದ ಮೇಲೆ ಚೆಲ್ಲಿದ್ದನ್ನು ತೊಳೆಯದೆ ಬಿಟ್ಟರೆ ಮಳೆಗಾಲ ಮುಗಿಯುವುದರೊಳಗೆ ಅದು ತಗಡನ್ನು ಹಿಡಿದಿರುತ್ತದೆ. ಬೋರ್ಡೋ ದ್ರಾವಣಕ್ಕೆಂದು ಒಯ್ಯುವ ಮೈಲುತುತ್ತವಂತೂ ಕಬ್ಬಿಣಕ್ಕೆ ಕಡುವೈರಿ. ಕಡಲತೀರದ ಗಾಡಿಯಾದರೆ ಉಪ್ಪುಗಾಳಿ ವರ್ಷವಿಡೀ ಈ ಕೆಲಸವನ್ನೇ ಮಾಡುತ್ತಿರುತ್ತದೆ. ಹಳ್ಳಗಳನ್ನು ದಾಟಿಸಿದ ಗಾಡಿಗಳ ಸ್ಥಿತಿ ಬೇರೆಯದೇ: ಬಿಸಿಯಾಗಿದ್ದ ಆಕ್ಸಲ್ ಹೌಸಿಂಗು ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಸೀಲುಗಳ ಮೂಲಕ ಹೀರಿಕೊಳ್ಳುತ್ತದೆ, ಪ್ಲಗ್ಗನ್ನು ಬಿಚ್ಚಿದರೆ ಡಿಫರೆನ್ಷಿಯಲಿನ ಆಯಿಲು ಹಾಲು ಬೆರೆತ ಕಾಫಿಯಂತೆ ಕಾಣುತ್ತದೆ. ಇವುಗಳಲ್ಲಿ ಒಂದಾದರೂ ಇಸವಿಯನ್ನು ಕೇಳಿ ಬರುವಂಥದಲ್ಲ. ಗಾಡಿ ಎಲ್ಲಿ ಬಾಳಿತು, ಸಂಜೆ ಅದನ್ನು ತೊಳೆದವರಿದ್ದರೇ ಇಲ್ಲವೇ ಎಂಬುದರ ಮೇಲೆ ನಿಂತಿದೆ.

ಎರಡು ಗಾಡಿಗಳನ್ನು ನಾನು ಹತ್ತಿರದಿಂದ ನೋಡಿದ್ದನ್ನು ಇಲ್ಲಿ ಹೇಳುವೆನು. ಒಂದು 2015ರದು, ಕಡಲ ಬದಿಯ ಊರಿನಲ್ಲಿ ಬಾಳಿ, ದಲ್ಲಾಳಿಯೊಬ್ಬರ ಮೂಲಕ ಸಕಲೇಶಪುರಕ್ಕೆ ಬಂದಿತ್ತು. ಹೊಸ ಟಯರು, ಹೊಸ ಹುಡ್ಡು, ಮುಂದೆ ದೊಡ್ಡ ದೀಪಗಳ ಸಾಲು. ಕೊಳ್ಳಬೇಕೆಂದಿದ್ದ ಹುಡುಗನ ಕಣ್ಣು ಆ ದೀಪಗಳಿಂದ ಕದಲುತ್ತಿರಲಿಲ್ಲ. ಅವನ ಜೊತೆ ಬಂದಿದ್ದ ಹಿರಿಯ ಮೆಕಾನಿಕ್ಕರು ಮಾತ್ರ ಒಂದು ಗೋಣಿಚೀಲವನ್ನು ಹಾಸಿ ಗಾಡಿಯಡಿಗೆ ನುಸುಳಿ, ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಮುಂದಿನಿಂದ ಹಿಂದಿನವರೆಗೆ ಮೆಲ್ಲಮೆಲ್ಲನೆ ಬಡಿಯುತ್ತ ಬಂದರು. ಎಂಜಿನ್ನಿನ ಕೆಳಗೆ ಸದ್ದು ಖಣಿಲೆಂದಿತು. ಹಿಂದಿನ ಸ್ಪ್ರಿಂಗಿನ ಶ್ಯಾಕಲ್ಲು ಕೂಡುವಲ್ಲಿಗೆ ಬಂದಾಗ ಅದು ಮಂದವಾಯಿತು. ಅಲ್ಲಿ ಹೊಸದಾಗಿ ಬಳಿದ ಕಪ್ಪು ಬಣ್ಣ ಇನ್ನೂ ವಾಸನೆ ಬಿಟ್ಟಿರಲಿಲ್ಲ. ಅವರು ಸ್ಕ್ರೂಡ್ರೈವರನ್ನು ತಿರುಗಿಸಿ ಹಿಡಿದು ತುದಿಯಿಂದ ಒತ್ತಿದರು. ಹೆಚ್ಚು ಬಲವನ್ನೇನೂ ಹಾಕಲಿಲ್ಲ. ತುದಿ ಒಳಗೆ ಹೋಯಿತು, ಹಿಂದಕ್ಕೆಳೆದಾಗ ಕಂದು ಪುಡಿ ಅವರ ಎದೆಯ ಮೇಲೆ ಉದುರಿತು. "ಇದನ್ನ ತಗೊಂಡ್ರೆ ಮೊದ್ಲು ವೆಲ್ಡಿಂಗ್ ಅಂಗಡಿಗೇ ಹೋಗ್ಬೇಕಾಗುತ್ತೆ ಕಣಪ್ಪ" ಎಂದು ಹೇಳಿ ಹೊರಬಂದರು.

ಮತ್ತೊಂದು 2002ರದು. ಆಲೂರು ತಾಲ್ಲೂಕಿನ ಪಾಳ್ಯದ ಕಡೆಯ ಒಂದು ತೋಟದಲ್ಲಿ, ಒಂದೇ ಮನೆಯವರ ಕೈಯಲ್ಲಿ, ಒಬ್ಬನೇ ಡ್ರೈವರಿನ ಆರೈಕೆಯಲ್ಲಿ ಬಾಳಿದ್ದು. ಬಣ್ಣ ಮಾಸಿತ್ತು; ಬಾನೆಟ್ಟಿನ ಮೇಲೆ ಹಲಸಿನಕಾಯಿ ಬಿದ್ದ ತಗ್ಗೊಂದು ಹಾಗೆಯೇ ಇತ್ತು. ಮ್ಯಾಟನ್ನು ಎತ್ತಿದರೆ ಕೆಳಗೆ ಕಂಪನಿಯವರು ಬಳಿದ ಬಣ್ಣವೇ ಕಂಡಿತು. ಆ ಡ್ರೈವರು ಮಳೆಗಾಲದ ಪ್ರತಿ ಸಂಜೆಯೂ ಮೆಣಸಿನ ಬಳ್ಳಿಗೆ ಔಷಧ ಹೊಡೆಯುವ ಪಂಪಿನಿಂದ ಬರಿಯ ನೀರನ್ನು ಚಾಸಿಯ ತೂತುಗಳೊಳಕ್ಕೆ ಬಿಟ್ಟು ಕೆಸರನ್ನು ಹೊರಡಿಸುತ್ತಿದ್ದನಂತೆ. ತೂತುಗಳ ಅಂಚು ನೋಡಿದವರಿಗೆ ಅದರಲ್ಲಿ ಸಂದೇಹವುಳಿಯುತ್ತಿರಲಿಲ್ಲ. ಫೋರ್ ವೀಲಿನ ಲೋ ರೇಂಜಿಗೆ ಹಾಕಿ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಮುಟ್ಟದೆ ಬಿಟ್ಟರೆ ಅದು ಕಾಫಿ ಕಣದ ಪಕ್ಕದ ಏರನ್ನು ತಡಬಡಿಸದೆ ಹತ್ತಿತು. ಇಂಥ ಗಾಡಿಯನ್ನು ನೋಡಲು ಬಂದವರಲ್ಲಿ ಹಲವರು ಇಸವಿಯನ್ನು ಕೇಳಿದೊಡನೆ, ಬಾಗಿಲನ್ನು ಸಹ ತೆರೆಯದೆ, ಹಿಂದಿರುಗಿದರು. ಅದು ನನಗೆ ಇಂದಿಗೂ ವ್ಯಥೆಯನ್ನುಂಟುಮಾಡುವ ಸಂಗತಿ. ಏಕೆಂದರೆ ಹಾಗೆ ಹಿಂದಿರುಗಿದವರು ಹಣವಂತರಲ್ಲ, ಕಷ್ಟಪಟ್ಟು ಕೂಡಿಟ್ಟ ದುಡ್ಡಿನಿಂದ ಒಂದೇ ಒಂದು ಗಾಡಿಯನ್ನು ಕೊಳ್ಳತಕ್ಕವರು.

ಪ್ರತಿಪಕ್ಷದವರ ವಾದವನ್ನು ಅದರ ಪೂರ್ಣಬಲದಲ್ಲಿಯೇ ಎದುರಿಸೋಣ. ಅವರ ಮುಖ್ಯ ಆಯುಧ ಕಾಗದಪತ್ರ. ಖಾಸಗಿ ವಾಹನದ ನೋಂದಣಿಗೆ 15 ವರ್ಷಗಳ ಅವಧಿ. ಅನಂತರ ಗಾಡಿಯನ್ನು ಆರ್‌ಟಿಓ ಮುಂದೆ ನಿಲ್ಲಿಸಿ, ಎಫ್‌ಸಿ ಮಾಡಿಸಿ, ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿಗಳಿಗೆ ಏರಿದೆ. 20 ವರ್ಷ ದಾಟಿದವುಗಳಿಗೆ 2025ರಲ್ಲಿ ಅದು 10,000 ಆಗಿದೆ. ಇದು ಹೊರೆಯಲ್ಲವೆಂದು ನಾನು ಹೇಳೆನು. ಆದರೆ ಲೆಕ್ಕ ಹಾಕುವವನು ಎರಡು ಕಡೆಯನ್ನೂ ಹಾಕಬೇಕಲ್ಲವೇ? ಐದು ವರ್ಷಗಳಿಗೆ ಹತ್ತು ಸಾವಿರವೆಂದರೆ ವರ್ಷಕ್ಕೆ ಎರಡು ಸಾವಿರ. ಇಸವಿಯ ಹೆಸರಿನಲ್ಲಿ ಅವನು ಮೊದಲೇ ತೆರುವ ಹೆಚ್ಚಿನ ಹಣ ಲಕ್ಷಗಳ ಲೆಕ್ಕದ್ದು. ಎಫ್‌ಸಿಗೆ ನಿಲ್ಲಬೇಕೆಂಬ ಭಯವೂ ಒಳ್ಳೆಯ ಚಾಸಿಯುಳ್ಳವನಿಗೆ ಇರಬೇಕಾದದ್ದಲ್ಲ. 15 ವರ್ಷವಾದೊಡನೆ ಸರ್ಕಾರ ಗಾಡಿಯನ್ನು ಕಿತ್ತುಕೊಳ್ಳುತ್ತದೆಂಬ ಮಾತನ್ನು ಅನೇಕರು ನಂಬಿದ್ದಾರೆ. ಅದು ದೆಹಲಿಯ ಸುತ್ತಣ ಪ್ರದೇಶಕ್ಕೆಂದು, ಅಲ್ಲಿಯ ಗಾಳಿಯ ಮಾಲಿನ್ಯದ ಕಾರಣದಿಂದ, ಹಸಿರು ನ್ಯಾಯಮಂಡಳಿಯೂ ಸರ್ವೋಚ್ಚ ನ್ಯಾಯಾಲಯವೂ ವಿಧಿಸಿದ ಕಟ್ಟಳೆಯ ಮಾತು. ಕರ್ನಾಟಕದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಾಡಿ ಓಡಬಹುದು, ಓಡುತ್ತಿದೆ.

ಬ್ಯಾಂಕು ಹಳೆಯ ಇಸವಿಗೆ ಸಾಲ ಕೊಡುವುದಿಲ್ಲವೆಂಬುದನ್ನು ಒಪ್ಪಬೇಕು. ಸಾಲವಿಲ್ಲದೆ ಕೊಳ್ಳಲಾಗದವನ ಮಟ್ಟಿಗೆ ಇಸವಿ ಒಂದು ನಿರ್ಬಂಧವೇ ಸರಿ. ಆದರೆ ಬ್ಯಾಂಕಿನವರು ಇಸವಿಯನ್ನು ನೋಡುವುದು ಅವರು ಚಾಸಿಯಡಿಗೆ ಮಲಗಿ ನೋಡಲಾರರಾದ್ದರಿಂದ; ನೋಡಬಲ್ಲವನೂ ಅವರಂತೆಯೇ ಮಾಡಬೇಕೆಂಬ ವಿಧಿ ಎಲ್ಲಿದೆ?

ಇನ್ನು ಸುರಕ್ಷತೆ. "ಈಚಿನದಾದರೆ ಸೇಫ್ಟಿ ಹೆಚ್ಚು" ಎಂಬುದು ಬಹು ಜನಪ್ರಿಯವಾದ ಮಾತು. ಜಿಪ್ಸಿಯ ವಿಷಯದಲ್ಲಿ ಇದಕ್ಕಿಂತ ಪೊಳ್ಳಾದ ಮಾತಿಲ್ಲ. ಮೊದಲಿನ ಗಾಡಿಯಲ್ಲಿಯೂ ಏರ್‌ಬ್ಯಾಗಿರಲಿಲ್ಲ, ಕೊನೆಯದರಲ್ಲಿಯೂ ಇರಲಿಲ್ಲ. ಹೊಸ ಸುರಕ್ಷತಾ ನಿಯಮಗಳಿಗೆ ಹೊಂದಲಾರದೆಯೇ ಅದು ಮಾರುಕಟ್ಟೆಯಿಂದ ಹೋಯಿತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ದಿನಂಪ್ರತಿ ಓಡಾಡತಕ್ಕವನಿಗೆ ಯಾವ ಇಸವಿಯ ಜಿಪ್ಸಿಯನ್ನೂ ನಾನು ಹೇಳುವುದಿಲ್ಲ. ಅವನು 2020ರ ಅಕ್ಟೋಬರಿನಲ್ಲಿ ಬಂದ ಎರಡನೆಯ ತಲೆಮಾರಿನ ಥಾರನ್ನು ನೋಡಲಿ, ಅದಕ್ಕೆ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರಗಳು ದೊರೆತಿವೆ. ಅದು ಗಾಡಿಯನ್ನೇ ಬದಲಿಸಿದಂತಾಯಿತು, ಇಸವಿಯನ್ನು ಬದಲಿಸಿದಂತಲ್ಲ. ಥಾರಿನಲ್ಲಿಯೂ ಗಣನೆಗೆ ಬರುವ ಇಸವಿಗಳು ಬೆರಳೆಣಿಕೆಯವು: 2010ರಲ್ಲಿ ಮೊದಲು ಬಂದದ್ದು, 2015ರಲ್ಲಿ ಹಿಂದಿನ ಡಿಫರೆನ್ಷಿಯಲಿಗೆ ಲಾಕು ಬಂದದ್ದು, ಮೊದಲ ತಲೆಮಾರಿನ ಕೊನೆಯಲ್ಲಿ ಎಬಿಎಸ್ ಸೇರಿದ್ದು, 2020ರಲ್ಲಿ ಮೈಯೆಲ್ಲ ಹೊಸದಾದದ್ದು. ಇವುಗಳ ನಡುವಣ ವರ್ಷಗಳನ್ನು ಹಿಡಿದು 2012 ಮೇಲೋ 2013 ಮೇಲೋ ಎಂದು ಚರ್ಚಿಸುವುದು ಕಾಲಹರಣ.

"ನಾಳೆ ಮಾರುವಾಗ ಇಸವಿಯನ್ನೇ ಕೇಳುತ್ತಾರಲ್ಲ" ಎಂಬುದು ಅವರ ಕಡೆಯ ಮಾತು. ಕೇಳುತ್ತಾರೆ, ನಿಜ. ಆದರೆ 2002ರ ಗಾಡಿ ಇಸವಿಯ ಕಾರಣದಿಂದ ಕಳೆದುಕೊಳ್ಳಬೇಕಾದ ಬೆಲೆಯನ್ನೆಲ್ಲ ಈಗಾಗಲೇ ಕಳೆದುಕೊಂಡಿದೆ. ಅದನ್ನು ಇಂದು ಕೊಂಡು ಐದು ವರ್ಷ ಓಡಿಸಿ ಮಾರುವವನು ಕಳೆದುಕೊಳ್ಳುವುದು ಅತ್ಯಲ್ಪ. 2017ರದನ್ನು ಕೊಂಡವನ ಕೈಯಲ್ಲಿ, ಅವನು ಕೊಂಡ ದಿನದಿಂದ, ಆ ಅಂಕಿ ಹಳತಾಗುತ್ತಲೇ ಹೋಗುತ್ತದೆ. ಅವನು ಯಾವ ಗುಣಕ್ಕೆ ಹಣ ಕೊಟ್ಟನೋ ಆ ಗುಣವೇ ಪ್ರತಿ ಜನವರಿಗೂ ಒಂದಿಷ್ಟು ಸವೆಯುತ್ತದೆ. ಚಾಸಿಗೆ ಹಣ ಕೊಟ್ಟವನಾದರೋ ಅದನ್ನು ತೊಳೆದು, ಎಣ್ಣೆ ಹಚ್ಚಿ, ಕೊಂಡಾಗ ಇದ್ದಂತೆಯೇ ಉಳಿಸಿಕೊಳ್ಳಬಲ್ಲನು.

ಇದಿಷ್ಟನ್ನು ಕೇಳಿ "ಹಾಗಾದರೆ ಹಳೆಯದೇ ಗಟ್ಟಿ ಎಂದಂತಾಯಿತು" ಎಂದು ಸಂತೋಷಪಡುವ ಇನ್ನೊಂದು ಪಂಗಡವುಂಟು. ನಮ್ಮ ತೋಟಗಳಲ್ಲಿ ವಿಲ್ಲೀಸ್ ಜೀಪನ್ನೂ ಎಂಎಂ 540ನ್ನೂ ಓಡಿಸಿದ ಹಿರಿಯರು ಆ ಪಂಗಡದ ಗುರುಸ್ಥಾನದಲ್ಲಿದ್ದಾರೆ. ಅವರ ಅನುಭವಕ್ಕೆ ನನ್ನ ಗೌರವ ಪೂರ್ಣವಾದದ್ದು. ಆದರೆ ಅವರ ಸಿದ್ಧಾಂತವೂ ಇಸವಿಯ ಪೂಜೆಯೇ. ಇಸವಿ ಇಳಿದಷ್ಟೂ ಗುಣ ಏರುತ್ತದೆಂಬುದು ಅದೇ ತಪ್ಪಿನ ಮತ್ತೊಂದು ಮುಖ. 1988ರ ಜಿಪ್ಸಿ ನಾಲ್ಕು ಗೇರಿನಲ್ಲಿ ಶಿರಾಡಿಯನ್ನು ಏದುತ್ತ ಹತ್ತಬೇಕು, ಓರೆ ನೆಲದಲ್ಲಿ ಅಂಜುತ್ತ ಸಾಗಬೇಕು. ತಗಡು ದಪ್ಪವಾಗಿತ್ತೆಂಬ ಸ್ಮರಣೆಯಿಂದ ಅದರ ಕಾರ್ಬ್ಯುರೇಟರು ಏರಿನಲ್ಲಿ ನಿಂತುಹೋಗುವುದು ತಪ್ಪುವುದಿಲ್ಲ. ಆನೆಗಳು ರಾತ್ರಿ ರಸ್ತೆಯಲ್ಲಿಯೇ ಎದುರಾಗುವ ನಮ್ಮ ಸೀಮೆಯಲ್ಲಿ, ತಿರುವಿನಾಚೆ ಕಪ್ಪಗೆ ಕಂಡೊಡನೆ ರಿವರ್ಸ್ ಹಾಕಿ ಹಿಂದೆ ಸರಿಯಬೇಕಾದಾಗ, ಎಂಜಿನ್ನು ಒಮ್ಮೆಗೇ ಮಾತು ಕೇಳಬೇಕು.

ಆದುದರಿಂದ ನನ್ನ ಪಕ್ಷವಿದು. ಜಿಪ್ಸಿ ಬೇಕೆನ್ನುವವನು 2000ದ ಎಂಪಿಎಫ್‌ಐ ಬದಲಾವಣೆಯನ್ನು ಗಡಿಯೆಂದಿಟ್ಟುಕೊಂಡು, ಅದರ ಈಚೆಯ ಇಸವಿಗಳನ್ನೆಲ್ಲ ಒಂದೇ ಎಂದು ಎಣಿಸಲಿ. ಅನಂತರ ಇಸವಿಯ ಪ್ರಶ್ನೆಯನ್ನೇ ಮರೆತು, ಗಾಡಿ ಬಾಳಿದ ಊರನ್ನೂ ಅದನ್ನು ನೋಡಿಕೊಂಡ ಕೈಯನ್ನೂ ವಿಚಾರಿಸಲಿ. ಒಣಹವೆಯ ಬಯಲುಸೀಮೆಯ ಗಾಡಿ, ದೆಹಲಿಯ ಕಟ್ಟಳೆಯಿಂದಾಗಿ ಎನ್‌ಓಸಿಯೊಡನೆ ದಕ್ಷಿಣಕ್ಕೆ ಬಂದ ಗಾಡಿ, ಇವು ಇಸವಿಯಲ್ಲಿ ಹಳೆಯವಾದರೂ ಚಾಸಿಯಲ್ಲಿ ಹಲವು ವೇಳೆ ಕರಾವಳಿಯ ಈಚಿನ ಗಾಡಿಗಿಂತ ಮೇಲಾಗಿರುತ್ತವೆ. ಇಲ್ಲಿಯ ತೆರಿಗೆ ಎಷ್ಟಾದೀತೆಂಬುದನ್ನು ಆರ್‌ಟಿಓದಲ್ಲಿ ಮೊದಲೇ ಕೇಳಿಕೊಂಡಿರಬೇಕು, ಅಷ್ಟೇ. ಮಿಲಿಟರಿ ಹರಾಜಿನಿಂದ ಬಂದವುಗಳಲ್ಲಿ ತಯಾರಾದ ವರ್ಷ ಒಂದು, ಊರಿನಲ್ಲಿ ನೋಂದಣಿಯಾದ ವರ್ಷ ಇನ್ನೊಂದು ಇರುವುದುಂಟು. ಇಸವಿಯನ್ನೇ ನಂಬಿದವನು ಅಲ್ಲಿ ಯಾವುದನ್ನು ನಂಬತಕ್ಕದ್ದು? ಮುಂದಿನ ನಕಲ್ಲಿನಿಂದ ಗ್ರೀಸು ಸೋರಿದೆಯೇ, ಫೋರ್ ವೀಲಿನ ಲಿವರು ಸಲೀಸಾಗಿ ಕೂರುತ್ತದೆಯೇ ಅಥವಾ ಪೇಟೆಯಲ್ಲಿಯೇ ಬಾಳಿ ಬಿಗಿದುಕೊಂಡಿದೆಯೇ, ಬಾಡಿಯ ಬುಷ್ಷುಗಳು ಕೂತುಹೋಗಿವೆಯೇ ಎಂಬುದನ್ನು ಬಲ್ಲವರ ಕೈಯಲ್ಲಿ ನೋಡಿಸಲಿ. ಅದಕ್ಕಾಗಿ ಮೆಕಾನಿಕ್ಕರಿಗೆ ಒಂದು ದಿನದ ಕೂಲಿಯನ್ನು ಸಂತೋಷದಿಂದ ಕೊಡಲಿ.

ನೋಡಲು ಹೋಗತಕ್ಕ ಕಾಲ ಮಳೆಗಾಲ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಹಣವಾಡುವ ಫೆಬ್ರವರಿ ಮಾರ್ಚಿನಲ್ಲಿ ನಮ್ಮವರು ಗಾಡಿ ಕೊಳ್ಳುತ್ತಾರೆ. ಆಗ ನೆಲ ಒಣಗಿರುತ್ತದೆ, ಚಾಸಿ ಒಣಗಿರುತ್ತದೆ, ಮಾರುವವನಿಗೆ ಕಪ್ಪು ಬಣ್ಣ ಬಳಿಯಲು ಬೇಕಾದಷ್ಟು ಬಿಸಿಲಿರುತ್ತದೆ. ಜುಲೈಯಲ್ಲಿ ಹೋದರೆ ನೆಲದ ತಗಡಿನ ಮೇಲೆ ನೀರು ಎಲ್ಲಿಂದ ಬರುತ್ತದೆಂಬುದು ತಾನಾಗಿಯೇ ಕಾಣುತ್ತದೆ, ಮಂಜರಾಬಾದಿನ ಕೆಳಗಿನ ಯಾವುದಾದರೊಂದು ತೋಟದ ಏರಿಗೆ ಗಾಡಿಯನ್ನು ತಿರುಗಿಸಿ ಅರ್ಧ ಗಂಟೆ ಓಡಿಸಿದರೆ ಉಳಿದುದೂ ಕಾಣುತ್ತದೆ. ಹಾಗೆ ಓಡಿಸಲು ಬಿಡೆನೆಂದೂ, ಅಡಿಯಲ್ಲಿ ಮಲಗಿ ನೋಡಕೂಡದೆಂದೂ, "2016 ಮಾಡೆಲ್ ಸಾರ್, ಇನ್ನೇನ್ ನೋಡ್ತೀರಿ" ಎಂದೂ ಹೇಳುವವನ ಗಾಡಿಯನ್ನು, ಅವನು ಎಷ್ಟೇ ಬೆಲೆ ಇಳಿಸಲಿ, ಕೊಳ್ಳಬಾರದು.